ಬಾಗಿಲಿರುವ ರೇಸು ಕಾರು: ಅರ್ಜುನ್ ಮೈನಿ ಹಿಡಿದ ದಾರಿ

ಚೌಕುಳಿ ಧ್ವಜ ಬೀಸಿದ ಮೇಲೆ ರೇಸು ಮುಗಿಯಿತು ಎಂದು ಲೆಕ್ಕ. ಆಮೇಲೆ ಚಾಲಕರು ಒಂದು ಸುತ್ತು ನಿಧಾನವಾಗಿ ಬರುತ್ತಾರೆ; ಇಂಜಿನು ತಣಿಯಬೇಕು, ಬ್ರೇಕು ತಣಿಯಬೇಕು, ಮನಸ್ಸೂ ತಣಿಯಬೇಕು. 2018ರ ಜುಲೈಯಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಮೈದಾನದಲ್ಲಿ ನಡೆದ ಫಾರ್ಮುಲಾ ಟೂ ರೇಸಿನಲ್ಲಿ ಅದು ಹಾಗಾಗಲಿಲ್ಲ. ಬೆಂಗಳೂರಿನ ಇಪ್ಪತ್ತು ವರ್ಷದ ಹುಡುಗ ಅರ್ಜುನ್ ಮೈನಿ ತಣಿವಿನ ಸುತ್ತಿನಲ್ಲಿದ್ದಾಗ ಇನ್ನೊಂದು ಕಾರು ಬಂದು ಅವನ ಕಾರಿಗೆ ಬೇಕೆಂದೇ ಗುದ್ದಿತು. ಗುದ್ದಿದ್ದು ಎದುರಾಳಿ ತಂಡದವರಲ್ಲ. ಅವನದೇ ತಂಡದ ಸಹ ಚಾಲಕ, ಅಮೆರಿಕದ ಸ್ಯಾಂಟಿನೊ ಫೆರುಚಿ. ರೇಸಿನ ಮಧ್ಯದಲ್ಲೂ ಅರ್ಜುನ್‌ನನ್ನು ಆತ ಹಾದಿ ಬಿಟ್ಟು ಹೊರಗೆ ತಳ್ಳಿದ್ದ. ತೀರ್ಪುಗಾರರು ಫೆರುಚಿಯನ್ನು ನಾಲ್ಕು ರೇಸುಗಳಿಂದ ಹೊರಗಿಟ್ಟರು. ಟ್ರೈಡೆಂಟ್ ಎಂಬ ಆ ಇಟಲಿಯ ತಂಡ ಕೆಲವೇ ದಿನಗಳಲ್ಲಿ ಅವನನ್ನು ಕೈಬಿಟ್ಟಿತು.

ನಮ್ಮ ಪತ್ರಿಕೆಗಳಲ್ಲಿ ಅರ್ಜುನ್ ಮೈನಿಯ ಹೆಸರು ದೊಡ್ಡ ಅಕ್ಷರದಲ್ಲಿ ಬಂದದ್ದು ಇಂಥ ಜಗಳದ ಕಾರಣಕ್ಕೇ ಹೆಚ್ಚು. ಆ ಮೇಲೆ ಆತ ಏನಾದ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಫಾರ್ಮುಲಾ ಒನ್ ತಲುಪಲಿಲ್ಲವಾದ್ದರಿಂದ ‘ಅಲ್ಲಿಗೆ ಮುಗಿಯಿತು’ ಎಂದುಕೊಂಡವರೇ ಬಹಳ. ಆದರೆ ಮುಗಿದಿರಲಿಲ್ಲ. ಮೂರು ವರ್ಷಗಳ ನಂತರ, 2021ರಲ್ಲಿ, ಜರ್ಮನಿಯ ಹೆಸರಾಂತ ಟೂರಿಂಗ್ ಕಾರು ಸರಣಿಯಾದ ಡಿಟಿಎಂನಲ್ಲಿ ಸ್ಪರ್ಧಿಸಿದ ಮೊತ್ತಮೊದಲ ಭಾರತೀಯನಾಗಿ ಅವರು ಮರ್ಸಿಡಿಸ್ ಕಾರಿನೊಳಗೆ ಕುಳಿತರು.

ಅರ್ಜುನ್ ಹುಟ್ಟಿದ್ದು 1997ರ ಡಿಸೆಂಬರ್ 10ರಂದು, ಬೆಂಗಳೂರಿನಲ್ಲಿ. ಮನೆತನ ಕೈಗಾರಿಕೋದ್ಯಮಿಗಳದ್ದು. ಅಜ್ಜ ಸುದರ್ಶನ್ ಮೈನಿ ಬೆಂಗಳೂರಿನಲ್ಲಿ ಮೈನಿ ಉದ್ಯಮ ಸಮೂಹವನ್ನು ಕಟ್ಟಿದವರು. ಚಿಕ್ಕಪ್ಪ ಚೇತನ್ ಮೈನಿ ಅವರ ಹೆಸರು ಹೇಳಿದರೆ ಗೊತ್ತಾಗದವರಿಗೂ ‘ರೇವಾ’ ಎಂದರೆ ನೆನಪಾದೀತು. 2001ರಲ್ಲಿ ರಸ್ತೆಗಿಳಿದ ಆ ಪುಟ್ಟ ವಿದ್ಯುತ್ ಕಾರು ಆ ಕಾಲಕ್ಕೆ ಆಟಿಕೆಯಂತೆ ಕಾಣುತ್ತಿತ್ತು. ಒಂದೇ ಮನೆಯಲ್ಲಿ ಒಬ್ಬರು ಸದ್ದಿಲ್ಲದ ಕಾರು ಮಾಡಿದರೆ ಇನ್ನೊಬ್ಬರ ಮಗ ಕಿವಿಗಡಚಿಕ್ಕುವ ಕಾರು ಓಡಿಸಿದ್ದು ವಿಚಿತ್ರವೇ ಸರಿ. ತಂದೆ ಗೌತಮ್ ಮೈನಿ ಸ್ವತಃ ಒಂದು ಕಾಲದಲ್ಲಿ ರೇಸು ಓಡಿಸಿದವರು. ಹಾಗಾಗಿ ಮಕ್ಕಳಿಬ್ಬರೂ, ಅರ್ಜುನ್ ಮತ್ತು ತಮ್ಮ ಕುಶ್, ಚಿಕ್ಕಂದಿನಲ್ಲೇ ಗೋ-ಕಾರ್ಟ್ ಹತ್ತಿದರು. ಕಾರ್ಟ್ ಎಂದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಯಾವುದೂ ಇಲ್ಲದ, ನೆಲಕ್ಕೆ ಅಂಟಿದಂತೆ ಓಡುವ ನಾಲ್ಕು ಗಾಲಿಯ ಚೌಕಟ್ಟು. ಬೆನ್ನಿಗೆ ಪ್ರತಿ ಉಬ್ಬೂ ತಾಗುತ್ತದೆ. ಹಿಡಿತ ಎಂದರೇನು, ಜಾರು ಎಂದರೇನು ಎಂಬ ಪಾಠವನ್ನು ಅದಕ್ಕಿಂತ ಚೆನ್ನಾಗಿ ಹೇಳಿಕೊಡುವ ವಾಹನ ಬೇರೊಂದಿಲ್ಲ.

ಇಲ್ಲಿ ನಮ್ಮ ಕರಾವಳಿಯ ಎಳೆಯೊಂದು ಬಂದು ಸೇರುತ್ತದೆ. ಬಂಟ್ವಾಳ ಮೂಲದ ಮಲ್ಯ ಮನೆತನದ ವಿಜಯ್ ಮಲ್ಯ ಹಿಂದೆ ಮದರಾಸಿನ ಹತ್ತಿರದ ಶೋಲಾವರಂ ವಿಮಾನ ಪಟ್ಟಿಯಲ್ಲಿ ಹಳೆಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ತಂದು ಓಡಿಸಿದವರು. ಅವರು 2007ರಲ್ಲಿ ಸ್ಪೈಕರ್ ತಂಡವನ್ನು ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. 2008ರಿಂದ 2018ರವರೆಗೆ ಆ ತಂಡ ಫಾರ್ಮುಲಾ ಒನ್ ಕಣದಲ್ಲಿತ್ತು. ಮಲ್ಯರ ಉಳಿದ ವ್ಯವಹಾರಗಳ ಕಥೆ ಎಲ್ಲರಿಗೂ ತಿಳಿದದ್ದೇ, ಅದು ಇಲ್ಲಿ ಬೇಡ. ಆ ತಂಡ 2011ರಲ್ಲಿ ‘ಶತಕೋಟಿಯಲ್ಲೊಬ್ಬ’ ಎಂಬರ್ಥದ ಹೆಸರಿನಲ್ಲಿ ದೇಶಾದ್ಯಂತ ಎಳೆಯ ಚಾಲಕರ ಹುಡುಕಾಟ ನಡೆಸಿತು. ಆಗ ಆರಿಸಿ ಬಂದ ಮೂವರಲ್ಲಿ ಅರ್ಜುನ್ ಮೈನಿ ಒಬ್ಬರು. ಮುಂಬಯಿಯ ಜೆಹಾನ್ ದಾರುವಾಲಾ ಇನ್ನೊಬ್ಬರು. ಹದಿಮೂರು ವರ್ಷದ ಹುಡುಗರಿಗೆ ಯೂರೋಪಿನ ಬಾಗಿಲು ತೆರೆದದ್ದು ಹಾಗೆ.

2014ರಲ್ಲಿ ಅರ್ಜುನ್ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ ಫೋರ್ ಸರಣಿಗೆ ಇಳಿದರು. ವರ್ಷವಿಡೀ ಅಂಕಗಳ ಲೆಕ್ಕ ಹಾವು ಏಣಿಯಾಟದಂತೆ ಏರಿಳಿದು ಕೊನೆಯ ರೇಸಿನವರೆಗೂ ಚಾಂಪಿಯನ್ ಯಾರೆಂದು ತೀರ್ಮಾನವಾಗಲಿಲ್ಲ. ಸ್ನೆಟರ್‌ಟನ್ ಮೈದಾನದಲ್ಲಿ ನಡೆದ ಆ ರೇಸನ್ನು ಒಬ್ಬ ಇಂಗ್ಲಿಷ್ ಹುಡುಗ ಗೆದ್ದ, ಸರಣಿಯೂ ಅವನದಾಯಿತು. ಒಟ್ಟು ಅಂಕಗಳಲ್ಲಿ ಅರ್ಜುನ್ ಹಿಂದೆ ಬಿದ್ದದ್ದು ಕೇವಲ ಮೂರು ಅಂಕಗಳಿಂದ. ಆ ಇಂಗ್ಲಿಷ್ ಹುಡುಗನ ಹೆಸರು ಜಾರ್ಜ್ ರಸೆಲ್. ಅದೇ ವರ್ಷ ಬ್ರಿಟನ್ನಿನ ಉದಯೋನ್ಮುಖ ಚಾಲಕರ ಮೆಕ್‌ಲಾರೆನ್ ಪ್ರಶಸ್ತಿ ರಸೆಲ್‌ಗೆ ಬಂತು. 2019ರಲ್ಲಿ ಫಾರ್ಮುಲಾ ಒನ್ ಪ್ರವೇಶ, 2022ರಲ್ಲಿ ಮರ್ಸಿಡಿಸ್ ತಂಡದ ಆಸನ, ಅದೇ ವರ್ಷ ಬ್ರೆಜಿಲ್‌ನಲ್ಲಿ ಮೊದಲ ಗೆಲುವು. ಮೂರು ಅಂಕ ಹೆಚ್ಚು ಸಿಕ್ಕಿದ್ದರೆ ಅದೆಲ್ಲ ಅರ್ಜುನ್‌ಗೆ ಸಿಗುತ್ತಿತ್ತು ಎಂದು ಹೇಳುವಂತಿಲ್ಲ. ಆದರೆ ಹದಿನಾರನೆಯ ವಯಸ್ಸಿನಲ್ಲಿ ಇಬ್ಬರ ನಡುವಿನ ಅಂತರ ಅಷ್ಟೇ ಇತ್ತೆಂಬುದು ದಾಖಲೆಯಲ್ಲಿದೆ.

ಮುಂದಿನದು ಏಣಿ. ಫಾರ್ಮುಲಾ ಫೋರ್, ಥ್ರೀ, ಟೂ, ಒನ್ ಎಂದು ಮೆಟ್ಟಿಲುಗಳು. ಮೇಲೇರಿದಂತೆ ಮೆಟ್ಟಿಲು ಕಿರಿದಾಗುತ್ತದೆ, ಬಾಡಿಗೆ ಹೆಚ್ಚುತ್ತದೆ. ಇದು ಓದುಗರಿಗೆ ತುಸು ವಿಚಿತ್ರವೆನಿಸಬಹುದು: ಈ ಮೆಟ್ಟಿಲುಗಳಲ್ಲಿ ತಂಡ ಚಾಲಕನಿಗೆ ಸಂಬಳ ಕೊಡುವುದಿಲ್ಲ, ಚಾಲಕನೇ ತಂಡಕ್ಕೆ ಹಣ ಕೊಡಬೇಕು. ಫಾರ್ಮುಲಾ ಟೂನಲ್ಲಿ ಒಂದು ವರ್ಷ ಓಡಿಸಲು ನಮ್ಮ ಲೆಕ್ಕದಲ್ಲಿ ಹತ್ತಾರು ಕೋಟಿ ರೂಪಾಯಿ ಬೇಕು. ಪ್ರಾಯೋಜಕರು ಸಿಗಬೇಕು, ಇಲ್ಲವೇ ಮನೆಯಲ್ಲಿರಬೇಕು. ಪ್ರತಿಭೆ ಒಂದಿದ್ದರೆ ಸಾಕು ಎಂದು ಮಕ್ಕಳಿಗೆ ಹೇಳುವುದು ಸುಲಭ. ಈ ಕ್ರೀಡೆಯ ಮಟ್ಟಿಗೆ ಅದು ಸುಳ್ಳು. ಬೆಂಗಳೂರಿನ ಉದ್ಯಮಿಯ ಮಗನಾಗಿ ಹುಟ್ಟದೆ ಇದ್ದಿದ್ದರೆ ಅರ್ಜುನ್ ಮೈನಿಯ ಕೈಚಳಕ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂಬುದನ್ನು ಒಪ್ಪಿಯೇ ಅವರನ್ನು ಮೆಚ್ಚಬೇಕು.

2015ರಲ್ಲಿ ಯೂರೋಪಿಯನ್ ಫಾರ್ಮುಲಾ ಥ್ರೀ, 2016ರಲ್ಲಿ ಸ್ವಿಟ್ಜರ್ಲೆಂಡಿನ ಜೆನ್ಸರ್ ತಂಡದೊಂದಿಗೆ ಜಿಪಿ ಥ್ರೀ. 2017ರ ಮೇಯಲ್ಲಿ ಬಾರ್ಸಿಲೋನಾದಲ್ಲಿ ಜಿಪಿ ಥ್ರೀಯ ಒಂದು ರೇಸು ಗೆದ್ದರು. ಅದೇ ತಿಂಗಳು ಅಮೆರಿಕದ ಹಾಸ್ ಫಾರ್ಮುಲಾ ಒನ್ ತಂಡ ಅವರನ್ನು ತನ್ನ ಅಭ್ಯಾಸಿ ಚಾಲಕನನ್ನಾಗಿ ಸೇರಿಸಿಕೊಂಡಿತು. ಏಣಿಯ ತುದಿ ಕೈಗೆಟುಕುವಂತೆ ಕಂಡ ಕಾಲ ಅದು. ಆದರೆ 2018ರ ಫಾರ್ಮುಲಾ ಟೂ ಕಾರು ಹೊಸದು. ಟರ್ಬೊ ಇಂಜಿನಿನ ಆ ಕಾರು ಹೊರಡುವಾಗಲೇ ಕ್ಲಚ್ಚಿನ ತೊಂದರೆಯಿಂದ ನಿಂತುಬಿಡುವುದು ಹಲವು ಚಾಲಕರ ಗೋಳಾಗಿತ್ತು. ಜತೆಗೆ ತಂಡದೊಳಗಿನ ವಿರಸ. ಆಗ ಫಾರ್ಮುಲಾ ಒನ್‌ನಲ್ಲಿ ಇದ್ದದ್ದು ಬರೇ ಇಪ್ಪತ್ತು ಆಸನ. ಅರ್ಜುನ್‌ಗೆ ಅದರಲ್ಲಿ ಒಂದೂ ದಕ್ಕಲಿಲ್ಲ.

ಇಪ್ಪತ್ತೊಂದರ ಹರೆಯದಲ್ಲಿ ಏಣಿಯಿಂದ ಇಳಿಯುವುದು ಸುಲಭವಲ್ಲ. ಹತ್ತು ವರ್ಷ ಒಂದೇ ಗುರಿ ಇಟ್ಟುಕೊಂಡವರು ಗುರಿ ಕೈತಪ್ಪಿದಾಗ ಹೆಲ್ಮೆಟ್ ಕಳಚಿಟ್ಟು ಮನೆಯ ವ್ಯಾಪಾರ ನೋಡಿಕೊಳ್ಳುವುದೇ ವಾಡಿಕೆ. ಈ ಹುಡುಗನಿಗೆ ನೋಡಿಕೊಳ್ಳಲು ವ್ಯಾಪಾರವೂ ಇತ್ತು. ಅವರು ಮಾಡಿದ್ದು ಬೇರೆ. 2019ರಲ್ಲಿ ದೂರದೋಟದ ರೇಸಿಗೆ ಹೋದರು. ಆ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಜಾನ್ ಫರಾನೊ, ನಾರ್ಮನ್ ನಾಟೊ ಇವರೊಂದಿಗೆ ಸರದಿಯಲ್ಲಿ ಕಾರು ಓಡಿಸಿದರು. ಅಲ್ಲಿ ಒಂದು ಸುತ್ತೆಂದರೆ 13.6 ಕಿಲೋಮೀಟರು. ಒಬ್ಬನೇ ಗೆಲ್ಲುವ ಆಟವಲ್ಲ ಅದು; ತಾನು ಇಳಿದ ಮೇಲೆ ಇನ್ನೊಬ್ಬ ಹತ್ತಬೇಕಾದ ಕಾರನ್ನು ಜೋಪಾನವಾಗಿ ತಂದೊಪ್ಪಿಸುವ ಆಟ. 2021ರ ಆರಂಭದಲ್ಲಿ ನಾರಾಯಣ್ ಕಾರ್ತಿಕೇಯನ್, ನವೀನ್ ರಾವ್ ಅವರೊಡನೆ ‘ರೇಸಿಂಗ್ ಟೀಂ ಇಂಡಿಯಾ’ ಹೆಸರಿನಲ್ಲಿ ಏಷ್ಯನ್ ಲೆ ಮಾನ್ಸ್ ಸರಣಿಯಲ್ಲಿ ಓಡಿಸಿದರು. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ಮತ್ತು ಅದನ್ನು ತಲುಪದೆ ಹಿಂದಿರುಗಿದ ಹುಡುಗ ಒಂದೇ ಕಾರನ್ನು ಹಂಚಿಕೊಂಡದ್ದು ಹಾಗೆ. ಅದಾದ ಬೆನ್ನಿಗೇ ಡಿಟಿಎಂ.

ಟೂರಿಂಗ್ ಕಾರು ಎಂದರೆ ನೋಡಲು ನಾವು ನೀವು ರಸ್ತೆಯಲ್ಲಿ ಕಾಣುವ ಕಾರಿನ ಜಾತಿಯದ್ದು. ಮಾಡು ಇದೆ, ಬಾಗಿಲು ಇದೆ, ಗಾಲಿಗಳು ಮೈಯೊಳಗೆ ಅಡಗಿವೆ. ಫಾರ್ಮುಲಾ ಕಾರಿನಲ್ಲಿ ಗಾಲಿಗೆ ಗಾಲಿ ತಾಗಿದರೆ ಕಾರು ಹಾರಿಬೀಳುವ ಅಪಾಯವಿದೆ. ಇಲ್ಲಿ ಪಕ್ಕೆಗೆ ಪಕ್ಕೆ ಉಜ್ಜಿಕೊಂಡು, ಕನ್ನಡಿ ಮುರಿದುಕೊಂಡು ಹೋಗುವುದು ಆಟದ ಭಾಗವೇ. ನಮ್ಮ ದೇಶದಲ್ಲೂ ಇರುಂಗಾಟ್ಟುಕೋಟೈ ಹಾದಿಯಲ್ಲಿ ಮಾರುತಿ ಎಸ್ಟೀಮ್‌ಗಳು ಹಾಗೆ ಓಡಿದ್ದನ್ನು ಕಂಡವರಿದ್ದಾರೆ. ಜರ್ಮನಿಯಲ್ಲಿ ಈ ಸರಣಿ ಶುರುವಾದದ್ದು 1984ರಲ್ಲಿ. ಖರ್ಚು ಮಿತಿಮೀರಿ 1996ರ ಕೊನೆಗೆ ನಿಂತುಹೋಯಿತು. 2000ದಲ್ಲಿ ಮತ್ತೆ ಎದ್ದಿತು. ಬರ್ನ್ಡ್ ಷ್ನೈಡರ್ ಐದು ಬಾರಿ ಅಲ್ಲಿ ಚಾಂಪಿಯನ್. 2020ರ ಕೊನೆಗೆ ಆಡಿ ಕಂಪೆನಿ ಹಿಂದೆ ಸರಿದಾಗ ಸರಣಿಯೇ ಮುಳುಗುವಂತಾಯಿತು. ಆಗ ನಡೆಸುವವರು ಬಲು ದುಬಾರಿಯ ವಿಶೇಷ ಕಾರುಗಳನ್ನು ಬಿಟ್ಟು, ಕಂಪೆನಿಗಳಿಂದ ಯಾವ ತಂಡವಾದರೂ ಕೊಂಡು ತರಬಹುದಾದ ಜಿಟಿ ಥ್ರೀ ಕಾರುಗಳಿಗೆ ಬದಲಾಯಿಸಿದರು. ಅರ್ಜುನ್ ಒಳಬಂದದ್ದು ಆ ಬದಲಾವಣೆಯ ಮೊದಲ ವರ್ಷ, ನ್ಯೂರ್‌ಬರ್ಗ್‌ರಿಂಗ್ ಹತ್ತಿರದ ಗೆಟ್‌ಸ್ಪೀಡ್ ತಂಡದ ಮೂಲಕ.

ಅವರು ಏರಿದ ಮರ್ಸಿಡಿಸ್-ಎಎಂಜಿ ಜಿಟಿ ಥ್ರೀ ಕಾರಿನ ಇಂಜಿನು 6.2 ಲೀಟರಿನ ವಿ8. ತೂಕ ಸುಮಾರು 1300 ಕಿಲೋ. ಈ ತೂಕವೇ ಫಾರ್ಮುಲಾದಿಂದ ಬಂದವರನ್ನು ಮೊದಲು ಕಾಡುವುದು. ಫಾರ್ಮುಲಾ ಟೂ ಕಾರಿನ ತೂಕ ಇದರ ಸುಮಾರು ಅರುವತ್ತು ಶೇಕಡಾ ಅಷ್ಟೆ. ಅದನ್ನು ಗಾಳಿಯ ಒತ್ತಡ ಮೇಲಿನಿಂದ ನೆಲಕ್ಕೆ ಅದುಮಿ ಹಿಡಿಯುತ್ತದೆ. ಭಾರದ ಕಾರಿನಲ್ಲಿ ಬ್ರೇಕು ಒತ್ತಿದರೆ ತೂಕವೆಲ್ಲ ಮುಂದಕ್ಕೆ ಬಾಗುತ್ತದೆ, ಸ್ಟೀರಿಂಗು ತಿರುಗಿಸಿದರೆ ಹೊರಮಗ್ಗುಲಿಗೆ ಒರಗುತ್ತದೆ. ಶಿರಾಡಿ ಘಾಟಿಯಲ್ಲಿ ತುಂಬಿದ ಬಸ್ಸಿನಲ್ಲಿ ನಿಂತು ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಓಲಾಟ ನಿಲ್ಲುವ ಮುನ್ನವೇ ಇನ್ನೊಂದು ಕಡೆಗೆ ತಿರುಗಿಸಿದರೆ ಕಾರು ಹಿಡಿತ ಬಿಡುತ್ತದೆ. ಹಾಗಾಗಿ ಕೈ ಅವಸರಪಡದೆ ಇರುವುದನ್ನು ಕಲಿಯಬೇಕು. ರೇಸಿನಲ್ಲಿ ನಿಧಾನ ಕಲಿಯುವುದು ಎಂಬುದು ಹೊರಗಿನವರಿಗೆ ತಮಾಷೆ.

ಬ್ರೇಕಿನ ಲೆಕ್ಕವೊಂದನ್ನು ಹತ್ತನೆಯ ತರಗತಿಯ ಮಕ್ಕಳೂ ಮಾಡಬಹುದು. 1300 ಕಿಲೋ ತೂಕದ ಕಾರು ಗಂಟೆಗೆ 250 ಕಿಲೋಮೀಟರು ವೇಗದಿಂದ ತಿರುವಿಗೆ ಮುನ್ನ 80ಕ್ಕೆ ಇಳಿಯಬೇಕು ಎಂದಿಟ್ಟುಕೊಳ್ಳಿ. ಕಳೆಯಬೇಕಾದ ಚಲನಶಕ್ತಿ ಸುಮಾರು 28 ಲಕ್ಷ ಜೌಲ್. ಗಾಳಿಯ ತಡೆಗೆ ಸ್ವಲ್ಪ ಪಾಲು ಬಿಟ್ಟರೆ ಉಳಿದದ್ದೆಲ್ಲ ಬ್ರೇಕಿನ ತಟ್ಟೆಗಳಲ್ಲಿ ಶಾಖವಾಗುತ್ತದೆ. ಅಷ್ಟು ಶಾಖದಿಂದ ಬಾವಿಯಿಂದ ಸೇದಿದ ಒಂಬತ್ತು ಹತ್ತು ಲೀಟರು ನೀರನ್ನು ಕುದಿಗೆ ತರಬಹುದು. ಅಂದರೆ ಒಂದು ಬ್ರೇಕಿಗೆ ಒಂದು ಸಣ್ಣ ಹಂಡೆ ಬಿಸಿನೀರು. ಇದು ಒಂದೇ ತಿರುವಿನ ಮಾತು. ಡಿಟಿಎಂ ರೇಸು ಸುಮಾರು ಒಂದು ಗಂಟೆಯದ್ದು, ಶನಿವಾರ ಒಂದು, ಭಾನುವಾರ ಇನ್ನೊಂದು. ಮುಚ್ಚಿದ ಕಾರಿನ ಒಳಗೆ ಬೇಸಗೆಯಲ್ಲಿ ಉಷ್ಣತೆ 50 ಡಿಗ್ರಿ ದಾಟುವುದುಂಟು. ಮೈಮೇಲೆ ಬೆಂಕಿ ತಾಳುವ ದಪ್ಪ ಅಂಗಿ, ತಲೆಗೆ ಹೆಲ್ಮೆಟ್. ಮೇ ತಿಂಗಳ ಮಂಗಳೂರಿನಲ್ಲಿ ಕರೆಂಟು ಹೋದ ಮಧ್ಯಾಹ್ನವನ್ನು ನೆನೆದುಕೊಂಡರೆ ಅರ್ಧ ಅಂದಾಜು ಸಿಕ್ಕೀತು.

ಟಯರಿನದು ಇನ್ನೊಂದು ಅಧ್ಯಾಯ. ಐವತ್ತು ಮೀಟರು ತ್ರಿಜ್ಯದ ಸಮತಟ್ಟಾದ ತಿರುವು. ನಮ್ಮ ಸಾಮಾನ್ಯ ಕಾರಿನ ಟಯರಿಗೂ ಒಣ ರಸ್ತೆಗೂ ಇರುವ ಘರ್ಷಣೆಯ ಗುಣಾಂಕ 0.8 ಎಂದರೆ, ಜಾರದೆ ತಿರುಗಬಹುದಾದ ಹೆಚ್ಚೆಂದರೆ ವೇಗ ಗಂಟೆಗೆ ಸುಮಾರು 71 ಕಿಲೋಮೀಟರು. ಬಿಸಿಯಾದ ರೇಸು ಟಯರಿಗೆ ಆ ಗುಣಾಂಕ 1.5 ಎಂದುಕೊಂಡರೆ ವೇಗ 97ರ ಹತ್ತಿರ. ಮಳೆಯಲ್ಲಿ 0.4ಕ್ಕೆ ಇಳಿದರೆ 50. ಗುಣಾಂಕ ದುಪ್ಪಟ್ಟಾದರೂ ವೇಗ ದುಪ್ಪಟ್ಟಾಗುವುದಿಲ್ಲ, ವರ್ಗಮೂಲದಲ್ಲಿ ಮಾತ್ರ ಏರುತ್ತದೆ. ರೇಸಿನಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಅಷ್ಟೊಂದು ಪರದಾಡುವುದು ಈ ವರ್ಗಮೂಲದ ಕಾಟದಿಂದ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ದಿನ ನಂತೂರು ವೃತ್ತದಲ್ಲಿ ಸ್ಕೂಟರು ಜಾರಿಸಿಕೊಂಡವರಿಗೂ ಅದೇ ಕಾಟ. ಅವರಿಗೆ ಹೆಸರು ಗೊತ್ತಿಲ್ಲ ಅಷ್ಟೆ.

ಇನ್ನು ನ್ಯಾಯದ ಪ್ರಶ್ನೆ. ಒಂದೇ ರೇಸಿನಲ್ಲಿ ಮರ್ಸಿಡಿಸ್, ಬಿಎಂಡಬ್ಲ್ಯು, ಪೋರ್ಷೆ, ಲ್ಯಾಂಬೊರ್ಗಿನಿ, ಫೆರಾರಿ ಎಲ್ಲ ಇದ್ದರೆ ಯಾವುದೋ ಒಂದು ಕಾರು ಹುಟ್ಟಿನಿಂದಲೇ ವೇಗದ್ದಾಗಿರುತ್ತದೆ. ಅದಕ್ಕಾಗಿ ಸಂಘಟಕರು ‘ಸಮತೂಕ’ದ ನಿಯಮ ಇಟ್ಟಿದ್ದಾರೆ. ಓಡುವ ಕಾರಿಗೆ ಹತ್ತಿಪ್ಪತ್ತು ಕಿಲೋ ಭಾರ ಹೇರುವುದು, ಇಂಜಿನು ಉಸಿರಾಡುವ ಗಾಳಿಯ ದಾರಿ ಕಿರಿದು ಮಾಡುವುದು, ಹೀಗೆ. ಕಂಬಳದಲ್ಲಿ ನಾವು ಕೋಣಗಳನ್ನು ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂದು ಬೇರೆಬೇರೆ ವಿಭಾಗದಲ್ಲಿ ಓಡಿಸುತ್ತೇವೆ. ಗೆದ್ದ ಕೋಣಕ್ಕೆ ಮುಂದಿನ ಕರೆಯಲ್ಲಿ ಮೂಟೆ ಹೊರಿಸುತ್ತೇವೆ ಎಂದರೆ ಯಜಮಾನರು ಸುಮ್ಮನಿರಲಿಕ್ಕಿಲ್ಲ. ಜರ್ಮನಿಯಲ್ಲೂ ಸುಮ್ಮನಿರುವುದಿಲ್ಲ, ಪ್ರತಿ ಋತುವಿನಲ್ಲೂ ಈ ಬಗ್ಗೆ ಕೂಗಾಟ ಇದ್ದದ್ದೇ. ಆದರೆ ಇದರಿಂದ ಒಂದು ಉಪಕಾರವಾಗಿದೆ: ಕಾರುಗಳು ಸಮನಾದಷ್ಟೂ ಚಾಲಕನ ಕೈ ಕಣ್ಣಿಗೆ ಬೀಳುತ್ತದೆ.

ಅರ್ಜುನ್ ಮೊದಲ ಋತುವಿನಲ್ಲೇ ಅಂಕ ಗಳಿಸಿದರು. ಅದು ಸುಲಭದ ಋತುವಾಗಿರಲಿಲ್ಲ. ಆ ವರ್ಷ ಕಣದಲ್ಲಿ ಫಾರ್ಮುಲಾ ಒನ್‌ನಿಂದ ಬಂದ ಅಲೆಕ್ಸ್ ಆಲ್ಬನ್ ಇದ್ದರು, ಮುಂದೆ ಅಲ್ಲಿಗೆ ಹೋದ ಲಿಯಾಮ್ ಲಾಸನ್ ಇದ್ದರು. 2022ರಲ್ಲಿ ಅವರು ಸೇರಿದ್ದು ಹ್ಯೂಬರ್ಟ್ ಹೌಪ್ಟ್ ಅವರ ಹೌಪ್ಟ್ ರೇಸಿಂಗ್ ಟೀಂಗೆ. ಅದರ ಹ್ರಸ್ವರೂಪ ಎಚ್‌ಆರ್‌ಟಿ. ಭಾರತೀಯ ರೇಸಿನ ಇತಿಹಾಸದಲ್ಲಿ ಈ ಮೂರಕ್ಷರ ಹಿಂದೆಯೂ ಬಂದಿತ್ತು: ಕರುಣ್ ಚಾಂಧೋಕ್ 2010ರಲ್ಲಿ, ಕಾರ್ತಿಕೇಯನ್ 2011 ಮತ್ತು 2012ರಲ್ಲಿ ಫಾರ್ಮುಲಾ ಒನ್ ಓಡಿಸಿದ್ದು ಹಿಸ್ಪಾನಿಯಾ ಎಂಬ ಸ್ಪೇನಿನ ತಂಡಕ್ಕೆ, ಅದೂ ಎಚ್‌ಆರ್‌ಟಿಯೇ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಮೊದಲನೆಯದು ಸಾಲಿನ ಕೊನೆಯಲ್ಲೇ ಓಡಿ ಮೂರು ವರ್ಷದಲ್ಲಿ ಮುಚ್ಚಿತು. ಎರಡನೆಯದರಲ್ಲಿ ಅರ್ಜುನ್ ವರ್ಷದಿಂದ ವರ್ಷಕ್ಕೆ ಉಳಿದರು. ಡಿಟಿಎಂನಲ್ಲಿ ವಿಜೇತರ ವೇದಿಕೆ ಏರಿದ ಮೊದಲ ಭಾರತೀಯರೂ ಅವರೇ. ಈ ‘ಉಳಿಯುವುದು’ ಎಂಬ ಮಾತಿಗೆ ಇಲ್ಲಿ ಬೆಲೆ ಹೆಚ್ಚು. ಒಂದು ವರ್ಷ ಹಣ ಕೊಟ್ಟು ಓಡಿಸಿ ಫೋಟೋ ತೆಗೆಸಿಕೊಂಡು ಬರುವವರು ಇದ್ದಾರೆ. ತಂಡವೊಂದು ಮತ್ತೆ ಮತ್ತೆ ಕರೆಯಬೇಕಾದರೆ ಕಾರಿನ ಬಗ್ಗೆ ಇಂಜಿನಿಯರಿಗೆ ಸರಿಯಾದ ಮಾತು ಹೇಳಬಲ್ಲವನಾಗಿರಬೇಕು, ಕಾರು ಮುರಿಯದೆ ತರಬಲ್ಲವನಾಗಿರಬೇಕು.

2025ರ ಋತುವಿಗೆ ಆ ತಂಡ ಮರ್ಸಿಡಿಸ್ ಬಿಟ್ಟು ಫೋರ್ಡ್ ಮಸ್ಟಾಂಗ್ ಜಿಟಿ ಥ್ರೀ ತಂದಾಗ ಸ್ವಿಟ್ಜರ್ಲೆಂಡಿನ ಫೇಬಿಯೊ ಶೇರರ್ ಜತೆ ಅರ್ಜುನ್‌ರನ್ನೇ ಕೂರಿಸಿತು. ನಾಲ್ಕು ವರ್ಷ ಒಂದೇ ಕಾರಿನ ನಾಡಿ ಹಿಡಿದು ಅಭ್ಯಾಸವಾದವರಿಗೆ ಅದು ಹೊಸದಾಗಿ ಅ ಆ ಇ ಈ. ಇದೂ ಮುಂಭಾಗದಲ್ಲಿ ವಿ8 ಇಂಜಿನಿರುವ ಕಾರೇ, 5.4 ಲೀಟರು, ಆದರೆ ತಂಡದ ಬಳಿ ಹಳೆಯ ಟಿಪ್ಪಣಿಗಳು ಇಲ್ಲ, ಯಾವ ಮೈದಾನದಲ್ಲಿ ಯಾವ ಸ್ಪ್ರಿಂಗು, ಎಷ್ಟು ಗಾಳಿ ಎಂಬುದನ್ನು ಓಡಿಸುತ್ತಲೇ ಬರೆದುಕೊಳ್ಳಬೇಕು. ಅಂಥ ವರ್ಷದಲ್ಲಿ ಗೆಲ್ಲುವುದಕ್ಕಿಂತ ಮುಖ್ಯವಾದ ಕೆಲಸ ಬರೆಸುವುದು. ಅದೇ ವರ್ಷ ತಮ್ಮ ಕುಶ್, ಅಣ್ಣ ಇಳಿದ ಮೆಟ್ಟಿಲಿನಲ್ಲೇ ಇದ್ದು, ಮೇ ತಿಂಗಳಲ್ಲಿ ಮೊನಾಕೊದ ಇಕ್ಕಟ್ಟಿನ ಬೀದಿಗಳಲ್ಲಿ ಫಾರ್ಮುಲಾ ಟೂ ಕಿರು ರೇಸು ಗೆದ್ದರು.

ಕರಾವಳಿಯ ಹುಡುಗರಿಗೆ ಈ ದಾರಿ ದೂರದ್ದೇ. ಇಲ್ಲಿ ಚಕ್ರದ ಹುಚ್ಚಿಗೇನೂ ಕೊರತೆಯಿಲ್ಲ, ಆದರೆ ಅದು ಹೆಚ್ಚಾಗಿ ರ‍್ಯಾಲಿಯ ಕಡೆಗೆ, ಮಣ್ಣು ಮತ್ತು ಕಾಫಿ ತೋಟದ ಹಾದಿಗಳ ಕಡೆಗೆ ಹರಿದಿದೆ. ಕಾಸರಗೋಡಿನ ಮೊಗ್ರಾಲಿನ ಮೂಸಾ ಶರೀಫ್ ಚಾಲಕನ ಪಕ್ಕದ ಆಸನದಲ್ಲಿ ಕುಳಿತು ದಾರಿ ಓದಿ ಹೇಳುವ ನ್ಯಾವಿಗೇಟರ್ ಆಗಿಯೇ ದೇಶದ ರ‍್ಯಾಲಿಗಳಲ್ಲಿ ಹೆಸರು ಮಾಡಿದರು. ದಿಲ್ಲಿಯ ಗೌರವ್ ಗಿಲ್ ಅವರ ಜತೆ ಹಲವು ಗೆಲುವು ಕಂಡರು. ಡಾಮರು ಹಾದಿಯ ರೇಸು ಬೇಕೆಂದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗಬೇಕು, ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ. ಅಲ್ಲಿ ಓಡಿಸಲು ದೇಶದ ಮೋಟಾರು ಕ್ರೀಡಾ ಒಕ್ಕೂಟದ ಪರವಾನಗಿ ಬೇಕು, ವೈದ್ಯರ ಪ್ರಮಾಣಪತ್ರ ಬೇಕು, ತಂದೆತಾಯಿಯ ಒಪ್ಪಿಗೆಯೂ ಬೇಕು. ಮಂಗಳೂರಿನಿಂದ ಕೊಯಮತ್ತೂರಿಗೆ ರಾತ್ರಿ ರೈಲು ಇದೆ.